‘ಕೊಂಡು’ ಅಂದರೆ ಕೊಂಡದ್ದೇ? ಶಾಸನಗಳಲ್ಲಿ ಕೊಳ್ಳು, ಕೊಡು, ಮಾರು

‘ಹೊಸ ಫೋನ್ ತಗೊಂಡೆ’ ಅಂದರೆ ದುಡ್ಡು ಕೊಟ್ಟು ಖರೀದಿಸಿದೆ ಅಂತ. ‘ಬ್ಯಾಂಕಲ್ಲಿ ಸಾಲ ತಗೊಂಡೆ’ ಅಂದರೆ ಪಡೆದೆ. ‘ಮಾತ್ರೆ ತಗೊಂಡೆ’ ಅಂದರೆ ನುಂಗಿದೆ. ‘ಯಾರೋ ನನ್ನ ಚಪ್ಪಲಿ ತಗೊಂಡು ಹೋದ್ರು’ ಅಂದರೆ ಕದ್ದರು! ಒಂದೇ ಕ್ರಿಯಾಪದ, ನಾಲ್ಕು ಬೇರೆಬೇರೆ ವ್ಯವಹಾರ. ಮಾತಾಡುವಾಗ ನಮಗೆ ಯಾವ ಗೊಂದಲವೂ ಆಗುವುದಿಲ್ಲ. ಪಕ್ಕದಲ್ಲಿರುವ ಪದಗಳು ಅರ್ಥವನ್ನು ಬಿಡಿಸಿ ಹೇಳಿಬಿಡುತ್ತವೆ.

ಇದೇ ಕ್ರಿಯಾಪದ ಸಾವಿರ ವರ್ಷದ ಹಿಂದಿನ ಕಲ್ಲಿನ ಮೇಲೆ ಸಿಕ್ಕಿದಾಗ ಸಂಗತಿ ಅಷ್ಟು ಸಲೀಸಲ್ಲ. ಸುತ್ತಲ ಪದಗಳು ಅರ್ಧ ಸವೆದಿರುತ್ತವೆ, ಉಳಿದವುಗಳಲ್ಲಿ ಕೆಲವು ಈಗ ಬಳಕೆಯಲ್ಲಿಲ್ಲ. ಆಗ ಕೊಂಡವನು ಖರೀದಿಸಿದನೋ, ಪಡೆದನೋ, ಕಿತ್ತುಕೊಂಡನೋ? ಉತ್ತರ ತಪ್ಪಿದರೆ ಹಣ ಕೊಟ್ಟು ಜಮೀನು ಪಡೆದವನು ದರೋಡೆಕೋರನಾಗಬಹುದು, ಬೆಲೆ ಪಡೆದು ಮಾರಿದವನು ಮಹಾದಾನಿಯಾಗಬಹುದು. ಹಾಗಾಗಿ ಈ ಸಲ ಒಂದು ರಾಜವಂಶವನ್ನೋ ಒಂದು ದೇವಸ್ಥಾನವನ್ನೋ ಬಿಟ್ಟು, ವ್ಯಾಪಾರದ ಈ ಸಾಮಾನ್ಯ ಕ್ರಿಯಾಪದದ ಬೆನ್ನು ಹತ್ತೋಣ.

ಕೊಳ್: ಮೊದಲ ಅರ್ಥ ‘ತೆಗೆದುಕೊ’

ಹಳಗನ್ನಡದ ‘ಕೊಳ್’ ಧಾತುವಿನ ಮೂಲ ಅರ್ಥದಲ್ಲಿ ದುಡ್ಡಿನ ವಾಸನೆಯೇ ಇಲ್ಲ. ಹಿಡಿ, ತೆಗೆದುಕೊ, ಸ್ವೀಕರಿಸು, ವಶಪಡಿಸಿಕೊ ಎಲ್ಲವೂ ಅದರೊಳಗಿವೆ. ತಮಿಳಿನಲ್ಲೂ ಇದು ‘ಕೊಳ್’ ಆಗಿದೆ. ತೆಲುಗಿನಲ್ಲಿ ‘ಕೊನು’ ಆಗಿ ಮುಖ್ಯವಾಗಿ ಖರೀದಿಗೆ ನಿಂತಿದೆ. ನಮ್ಮಲ್ಲಿ ಎರಡೂ ದಾರಿಗಳು ತೆರೆದೇ ಉಳಿದವು.

ಇದಕ್ಕೆ ಅತ್ಯುತ್ತಮ ಸಾಕ್ಷಿ ವೀರಗಲ್ಲುಗಳು. ಗಂಗರ, ರಾಷ್ಟ್ರಕೂಟರ ಕಾಲದ ವೀರಗಲ್ಲುಗಳನ್ನು ಓದಿದವರಿಗೆ ‘ತುಱುಗೊಳ್’ ಎಂಬ ಪದ ಚಿರಪರಿಚಿತ. ತುಱು ಅಂದರೆ ದನಕರು, ಗೋವುಗಳ ಮಂದೆ. ತುಱು + ಕೊಳ್ = ತುಱುಗೊಳ್. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿಸಿಕೊಳ್ಳಿ, ಕಕಾರ ಗಕಾರವಾಗಿದೆ. ವ್ಯಾಕರಣದ ಪ್ರಕಾರ ನೋಡಿದರೆ ‘ದನ ಕೊಳ್ಳುವುದು’ ಅಷ್ಟೇ. ಆದರೆ ಸಂತೆಗೆ ಹೋಗಿ ದನ ಕೊಂಡದ್ದಕ್ಕೆ ಯಾರೂ ವೀರಗಲ್ಲು ನಿಲ್ಲಿಸುವುದಿಲ್ಲವಲ್ಲ! ಇಲ್ಲಿ ಕೊಳ್ಳುವುದು ಅಂದರೆ ಅಟ್ಟಿಕೊಂಡು ಹೋಗುವುದು. ಊರಿನವನೊಬ್ಬ ಬೆನ್ನಟ್ಟಿ ಹೋಗಿ, ತುಱುವನ್ನು ‘ಮಗುೞ್ಚಿ’, ಅಂದರೆ ಹಿಂದಿರುಗಿಸಿ, ಹೋರಾಡಿ ಸಾಯುತ್ತಾನೆ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಅಪ್ಸರೆಯರು, ಮೇಲಿನ ಪಟ್ಟಿಯಲ್ಲಿ ಸ್ವರ್ಗ.

ಇವತ್ತಿಗೂ ನಾವು ಬಳಸುವ ‘ಕೊಳ್ಳೆ’ ಎಂಬ ಪದವೂ ಇದೇ ಬೇರಿನದು. ಕೊಳ್ಳೆ ಹೊಡೆಯುವವನಿಗೂ ಅಂಗಡಿಯಲ್ಲಿ ಕೊಳ್ಳುವವನಿಗೂ ಭಾಷೆ ಹಂಚಿಕೊಟ್ಟಿರುವುದು ಒಂದೇ ಧಾತು. ಬೆಲೆ ನೋಡಿ ‘ಇದು ಹಗಲು ದರೋಡೆ’ ಅಂತ ಗೊಣಗುವ ನಮ್ಮ ಜನಕ್ಕೆ ಇದರಿಂದ ಅಂಥ ಆಶ್ಚರ್ಯವೇನೂ ಆಗಲಿಕ್ಕಿಲ್ಲ.

ವೀರಗಲ್ಲು ಓದುವವರಿಗೆ ಇನ್ನೊಂದು ಎಚ್ಚರಿಕೆ. ಕೊಳ್ ಧಾತುವಿನ ಭೂತಕೃದಂತ ‘ಕೊಂಡು’. ಕೊಲ್ ಧಾತುವಿನದು ‘ಕೊಂದು’. ಡಕಾರ, ದಕಾರದ ನಡುವಿನ ವ್ಯತ್ಯಾಸ ಬಹಳ ಚಿಕ್ಕದು. ಮಳೆ ಬಿಸಿಲಿಗೆ ಸವೆದ ಕಲ್ಲಿನಲ್ಲಿ, ಅದರಲ್ಲೂ ಸುಣ್ಣ ಬಳಿದ ಕಲ್ಲಿನಲ್ಲಿ, ಆ ಚಿಕ್ಕ ಗೀರು ಮೊದಲು ಮಾಯವಾಗುತ್ತದೆ. ತುಱುವನ್ನು ಕೊಂಡದ್ದು ಕಳ್ಳರ ಕೆಲಸ, ಹಲವರನ್ನು ಕೊಂದದ್ದು ವೀರನ ಕೆಲಸ. ಒಂದು ಗೀರು ತಪ್ಪಿದರೆ ಕಥೆಯ ನಾಯಕನೇ ಬದಲಾಗುತ್ತಾನೆ. ಅದಕ್ಕೇ ಒಂದೇ ದಿಕ್ಕಿನ ಬೆಳಕಿನಲ್ಲಿ ತೆಗೆದ ಒಂದೇ ಫೋಟೋ ನೋಡಿ ಪಾಠ ನಿರ್ಧರಿಸಬಾರದು.

ಕೊಡು: ಎದುರು ದಿಕ್ಕು

ಕೊಳ್ ಒಳಕ್ಕೆ ಎಳೆದರೆ ‘ಕೊಡು’ ಹೊರಕ್ಕೆ ಕಳಿಸುತ್ತದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಇದು ಸಿಗುತ್ತದೆ. ಯುದ್ಧದಲ್ಲಿ ಶೌರ್ಯ ತೋರಿದ ವಿಜಾರಸನಿಗೆ ಪಲ್ಮಡಿ ಮತ್ತು ಮೂಳಿವಳ್ಳಿಗಳನ್ನು ‘ಬಾಳ್ಗೞ್ಚು’ ಆಗಿ ಕೊಟ್ಟರು ಎನ್ನುವುದು ಅದರ ವಿಷಯ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ರಕ್ತ ಹತ್ತಿದ ಕತ್ತಿ ತೊಳೆದು ಕೊಡುವ ಗೌರವ ದತ್ತಿ. ಹತ್ತನೇ ಶತಮಾನದ ಆತಕೂರು ಶಾಸನದಲ್ಲಿ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಕೊಡುವುದೂ ಬಾಳ್ಗಚ್ಚೇ. (ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತ ಪ್ರಸಿದ್ಧ ಕಲ್ಲು ಇದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.)

ಕೊಡು ಧಾತುವಿನಿಂದ ‘ಕೊಡಗೆ’, ‘ಕೊಡಗಿ’ ಬಂದವು. ಸತ್ತ ವೀರನ ಕುಟುಂಬಕ್ಕೆ ಬಿಟ್ಟ ಭೂಮಿ ‘ನೆತ್ತರುಕೊಡಗಿ’. ಈಗ ಸರಪಣಿ ನೋಡಿ: ಒಬ್ಬ ಕೊಂಡ (ಅಪಹರಿಸಿದ), ಇನ್ನೊಬ್ಬ ಸತ್ತ, ಮೂರನೆಯವನು ಕೊಟ್ಟ. ಮೊದಲ ಕೊಳ್ಳುವಿಕೆಯಲ್ಲಿ ತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಏನೂ ಇಲ್ಲ. ಕೊನೆಯ ಕೊಡುವಿಕೆಯಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಹಣ ಬರುವುದಿಲ್ಲ, ಆ ಲೆಕ್ಕ ರಕ್ತದಲ್ಲಿ ಮೊದಲೇ ಮುಗಿದಿದೆ. ಹಾಗಾದರೆ ಎರಡೂ ಕಡೆ ಕೈ ಬದಲಾಗುವ ವ್ಯವಹಾರಕ್ಕೆ, ಅಂದರೆ ವ್ಯಾಪಾರಕ್ಕೆ, ಪದ ಯಾವುದು?

ಮಾಱು: ನಡುವಿನ ಕೀಲಿ

ಆ ಪದ ‘ಮಾಱು’. ಇಂದು ‘ಮಾರು’ ಅಂದರೆ ಬರೀ ವಿಕ್ರಯ. ಹಳೆಯ ಶಾಸನಗಳಲ್ಲಿ ಇದನ್ನು ಶಕಟರೇಫದಲ್ಲಿ, ಅಂದರೆ ‘ಱ’ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾಲ ಕಳೆದಂತೆ ರ, ಱ ಬೆರೆತುಹೋದವು.

ಈ ಪದದ ಬೇರಿನಲ್ಲಿರುವುದು ‘ಬದಲು’, ‘ಪ್ರತಿ’, ‘ಎದುರು’ ಎಂಬ ಭಾವ. ತಮಿಳಿನ ‘ಮಾಱು’, ತೆಲುಗಿನ ‘ಮಾರು’ ಎರಡಕ್ಕೂ ಬದಲಾಗು ಎಂಬ ಅರ್ಥ ಈಗಲೂ ಇದೆ. ಕನ್ನಡದಲ್ಲೂ ಅದು ಸತ್ತಿಲ್ಲ. ಮಾರ್ಪಾಡು ಅಂದರೆ ಬದಲಾವಣೆ, ಮಾರುತ್ತರ ಅಂದರೆ ಪ್ರತಿಯಾಗಿ ಕೊಟ್ಟ ಉತ್ತರ, ಮಾರ್ದನಿ ಅಂದರೆ ಮರಳಿ ಬಂದ ದನಿ, ಮಾರುವೇಷ ಅಂದರೆ ಬದಲು ವೇಷ. ಯುದ್ಧದ ವರ್ಣನೆಗಳಲ್ಲಿ ಬರುವ ‘ಮಾರಾಂತು’ ಅಂದರೆ ಎದುರಾಗಿ ನಿಂತು. ಇವೆಲ್ಲಾ ಒಂದೇ ಸಂಸಾರ.

ಶಾಸನಗಳ ವ್ಯವಹಾರ ಭಾಷೆ ಎಷ್ಟು ಅಚ್ಚುಕಟ್ಟು ನೋಡಿ:

ಮಾಱು + ಕೊಳ್ = ಮಾಱುಗೊಳ್. ಬದಲಿಗೆ ಏನನ್ನೋ ಕೊಟ್ಟು ತೆಗೆದುಕೊ, ಅಂದರೆ ಖರೀದಿಸು.
ಮಾಱು + ಕೊಡು = ಮಾಱುಗೊಡು. ಬದಲಿಗೆ ಏನನ್ನೋ ಪಡೆದು ಕೊಡು, ಅಂದರೆ ವಿಕ್ರಯಿಸು.

ನಾನು ವೃತ್ತಿಯಿಂದ ಇಂಜಿನಿಯರ್, ಹಾಗಾಗಿ ನನಗೆ ಇದು ಒಂದು ಸರ್ಕೀಟಿನ ಹಾಗೆ ಕಾಣುತ್ತದೆ. ಮಾಱು ಎಂದರೆ ಸರ್ಕೀಟ್ ಪೂರ್ತಿಯಾಗಿದೆ, ಹೋದದ್ದಕ್ಕೆ ಪ್ರತಿಯಾಗಿ ಬಂದದ್ದು ಇದೆ ಎಂಬ ಸೂಚನೆ. ಕೊಳ್, ಕೊಡು ಇವು ದಿಕ್ಕನ್ನು ತೋರಿಸುವ ಬಾಣದ ಗುರುತುಗಳು. ಸಂಸ್ಕೃತದಲ್ಲೂ ಬೇರೆ ರೀತಿಯಲ್ಲಿ ಇದೇ ಉಪಾಯವಿದೆ. ಕ್ರಯ ಅಂದರೆ ಕೊಳ್ಳುವುದು, ಅದಕ್ಕೆ ‘ವಿ’ ಉಪಸರ್ಗ ಸೇರಿಸಿದರೆ ವಿಕ್ರಯ, ಮಾರುವುದು. ಅಲ್ಲೂ ವ್ಯವಹಾರ ಒಂದೇ, ದಿಕ್ಕು ಮಾತ್ರ ಬೇರೆ.

ಕೋಲಾರದ ಕಡೆ ಚೋಳರ ಕಾಲದ ತಮಿಳು ಶಾಸನಗಳು ಬೇಕಾದಷ್ಟಿವೆ. ಚೋಳರ ತಮಿಳಿನಲ್ಲಿ ಮಾರಾಟ ಹೇಳುವ ಸಿದ್ಧ ಮಾತು ‘ವಿಱ್ಱುಕ್ಕುಡುತ್ತೋಂ’, ಅಂದರೆ ‘ವಿಕ್ರಯಿಸಿ ಕೊಟ್ಟೆವು’. ಅಲ್ಲಿ ಮಾಱು ಬದಲು ‘ವಿಲ್’ ಧಾತು ಕೂತಿದೆ. ನಮ್ಮ ‘ಬೆಲೆ’, ತಮಿಳಿನ ‘ವಿಲೈ’ ಇದರ ಬಂಧುಗಳು. ಆದರೆ ಜೋಡಣೆ ಗಮನಿಸಿ: ವ್ಯವಹಾರದ ಪದ, ಅದರ ಪಕ್ಕ ದಿಕ್ಕು ತೋರಿಸುವ ‘ಕೊಡು’. ಅಕ್ಕಪಕ್ಕದ ಎರಡು ಭಾಷೆಗಳ ಲಿಪಿಕಾರರು ಒಂದೇ ಅಚ್ಚಿನಲ್ಲಿ ವಾಕ್ಯ ಎರಕ ಹೊಯ್ದಿದ್ದಾರೆ.

ಓದುವವರಿಗೆ ಇಲ್ಲೊಂದು ಗುಂಡಿ ಇದೆ. ‘ಮಾಱುಗೊಂಡು’ ಮತ್ತು ‘ಮಾಱುಗೊಟ್ಟು’, ಇವೆರಡರ ನಡುವೆ ಇರುವುದು ಕೊನೆಯ ಅಕ್ಷರದ ವ್ಯತ್ಯಾಸ ಮಾತ್ರ. ಅದೊಂದು ಮುಕ್ಕಾದರೆ ಕೊಂಡವನು ಮಾರಿದವನಾಗಿಬಿಡುತ್ತಾನೆ. ಅಂಥ ಕಡೆ ವಿಭಕ್ತಿಯನ್ನು ನೋಡಬೇಕು. ‘ಅವರ ಕಯ್ಯಲು’, ‘ಇಂತವರ ಕೈಯಲ್ಲಿ’ ಎಂದಿದ್ದರೆ ಮುಂದೆ ಬರುವುದು ಕೊಂಡದ್ದು. ‘ಇಂತವರಿಗೆ’ ಎಂದು ಚತುರ್ಥಿ ಇದ್ದರೆ ಮುಂದೆ ಬರುವುದು ಕೊಟ್ಟದ್ದು.

ಮಾರಾಟಕ್ಕೆ ದಾನದ ಉಡುಪು ಯಾಕೆ?

ಈಗ ಮುಖ್ಯ ತೊಡಕಿಗೆ ಬರೋಣ. ಎಷ್ಟೋ ಕ್ರಯಶಾಸನಗಳು ಮೇಲ್ನೋಟಕ್ಕೆ ದಾನಶಾಸನಗಳ ಹಾಗೇ ಇರುತ್ತವೆ. ಧಾರೆ ಎರೆದ ಮಾತು ಇರುತ್ತದೆ, ಸೂರ್ಯಚಂದ್ರರು ಇರುವ ತನಕ ಎಂಬ ಮಾತು ಇರುತ್ತದೆ, ಕೆಡಿಸಿದವನಿಗೆ ಶಾಪವೂ ಇರುತ್ತದೆ. ಮಾರಾಟಕ್ಕೆ ಯಾಕಪ್ಪಾ ಧಾರೆ ಎರೆಯಬೇಕು?

ಉತ್ತರ ಸಿಗುವುದು ನಮ್ಮ ಕಲ್ಯಾಣದಲ್ಲೇ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಅಂದಿನ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಸ್ಥಿರಾಸ್ತಿಯ ಮಾರಾಟಕ್ಕೆ ಧರ್ಮಶಾಸ್ತ್ರದಲ್ಲಿ ಸಮ್ಮತಿ ಇಲ್ಲ, ಭೂದಾನಕ್ಕೆ ಮಾತ್ರ ಹೊಗಳಿಕೆ ಇದೆ ಎನ್ನುವುದು ಆತನ ಮುಂದಿದ್ದ ಸಮಸ್ಯೆ. ಆದರೆ ಲೋಕದಲ್ಲಿ ಜನ ಭೂಮಿ ಮಾರುತ್ತಲೇ ಇದ್ದರು. ಆತ ಕೊಡುವ ಪರಿಹಾರ ಬಹಳ ಜಾಣತನದ್ದು: ಮಾರಲೇಬೇಕಾದರೆ ಚಿನ್ನ ಮತ್ತು ನೀರು ಸಹಿತ ದಾನದ ರೂಪದಲ್ಲೇ ಮಾರಬೇಕು. ಭೂಮಿ ಕೈ ಬದಲಿಸಲು ಆರು ಅಂಗಗಳು ಬೇಕು ಎಂಬ ಹಳೆಯ ವಚನವನ್ನೂ ಆತ ಚರ್ಚಿಸುತ್ತಾನೆ. ಊರವರು, ಜ್ಞಾತಿಗಳು, ಸಾಮಂತರು, ದಾಯಾದಿಗಳು ಇವರ ಒಪ್ಪಿಗೆ, ಜೊತೆಗೆ ಚಿನ್ನ ಮತ್ತು ನೀರಿನ ಧಾರೆ.

ಈಗ ವಿಜಯನಗರ ಕಾಲದ ಕ್ರಯಶಾಸನಗಳನ್ನು ತೆಗೆದು ನೋಡಿ. ‘ಸಹಿರಣ್ಯೋದಕ ದಾನ ಧಾರಾಪೂರ್ವಕ’, ‘ಜ್ಞಾತಿ ಸಾಮಂತ ದಾಯಾದ ಅನುಮತಿ’ ಎಂಬ ಮಾತುಗಳು ಸಾಲುಗಟ್ಟಿ ನಿಂತಿರುತ್ತವೆ. ಹಿರಣ್ಯ, ಉದಕ ಅಂದರೆ ಅದೇ ಚಿನ್ನ, ನೀರು. ಇಲ್ಲಿ ‘ಸಾಮಂತ’ ಅಂದರೆ ಕಪ್ಪ ಕೊಡುವ ಅರಸ ಅಂತ ತಿಳಿಯಬೇಡಿ. ಗಡಿಗೆ ತಾಗಿದ ಜಮೀನಿನವನು, ಪಕ್ಕದ ಹೊಲದವನು ಅಂತ ಅರ್ಥ. ಚೆಕ್ಕುಬಂದಿ ತಕರಾರು ತೆಗೆಯಬಲ್ಲವನು ಅವನೇ ತಾನೇ? ಅವನ ಒಪ್ಪಿಗೆ ಮೊದಲೇ ಪಡೆದುಬಿಟ್ಟರೆ ಮುಂದಿನ ಜಗಳ ತಪ್ಪುತ್ತದೆ.

ಹಾಗಾಗಿ ‘ಧಾರಾಪೂರ್ವಕ’ ಕಂಡ ಕೂಡಲೇ ದಾನ ಎಂದು ಬರೆದುಬಿಡಬಾರದು. ಆ ಪದ ಹೇಳುವುದು ಹಸ್ತಾಂತರದ ವಿಧಾನವನ್ನು. ಹಣ ಕೈ ಬದಲಾಯಿತೇ ಎಂಬುದನ್ನು ಹೇಳುವುದು ಕ್ರಯ, ಮಾಱು, ಬೆಲೆ, ಗದ್ಯಾಣ, ವರಹ ಇಂಥ ಪದಗಳು. ವಿಜಯನಗರದ ಪತ್ರಗಳಲ್ಲಿ ಬರುವ ‘ತತ್ಕಾಲೋಚಿತ ಮಧ್ಯಸ್ಥ ಪರಿಕಲ್ಪಿತ’ ಕ್ರಯ ಎಂಬ ಉದ್ದದ ಸಮಾಸವಂತೂ ಪೂರ್ತಿ ಲೆಕ್ಕ ಒಪ್ಪಿಸುತ್ತದೆ: ಆ ಕಾಲಕ್ಕೆ ತಕ್ಕ, ಮಧ್ಯಸ್ಥರು ಗೊತ್ತು ಮಾಡಿದ ಬೆಲೆ. ‘ಉಭಯವಾದಿ ಸಂಪ್ರತಿಪನ್ನ’ ಎಂದು ಸೇರಿಸಿದರೆ ಎರಡೂ ಕಡೆಯವರು ಒಪ್ಪಿದ್ದು ಅಂತ. ಮಾರ್ಗಸೂಚಿ ದರ, ಮಧ್ಯವರ್ತಿ, ಉಭಯ ಸಮ್ಮತಿ ಎಲ್ಲಾ ಆಗಲೇ ಇತ್ತು!

ಇಂದಿನ ಶುದ್ಧ ಕ್ರಯಪತ್ರಗಳಲ್ಲೂ ಈ ಭಾಷೆಯ ಬಾಲ ಉಳಿದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ‘ಅಷ್ಟಭೋಗ ತೇಜಸ್ವಾಮ್ಯ’ ಸಹಿತ ಎಂಬ ಮಾತನ್ನು ಪತ್ರಬರಹಗಾರರು ಇನ್ನೂ ಬರೆಯುತ್ತಾರೆ. ಹಾಗೇ ‘ದಾನ ಆಧಿ ಕ್ರಯ’ ಎಂಬ ಮಾತು. ಈ ‘ಆಧಿ’ಯನ್ನು ಎಷ್ಟೋ ಜನ ‘ಇತ್ಯಾದಿ’ಯ ಆದಿ ಅಂತ ಓದಿ ಮುಂದೆ ಹೋಗುತ್ತಾರೆ. ಆಧಿ ಅಂದರೆ ಅಡವು. ದಾನ ಮಾಡಲು, ಅಡವಿಡಲು, ಮಾರಲು ಹಕ್ಕು ಇದೆ ಎಂದು ಅದರ ತಾತ್ಪರ್ಯ. ಮಹಾಪ್ರಾಣ ಬಿಟ್ಟರೆ ಒಂದು ಹಕ್ಕೇ ಹೋಗುತ್ತದೆ.

ಯಾರ ಹಣ, ಯಾರ ಹೆಸರು?

ಇಷ್ಟೆಲ್ಲಾ ಪದ ಹಿಂಜುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನ ಇದೆ. ದತ್ತಿ ಕೊಟ್ಟ ರಾಜನ ಕೈಯಲ್ಲಿ ಕೊಡಲು ಊರುಗಳಿದ್ದವು. 1118ರ ಹೊತ್ತಿಗೆ ವಿಷ್ಣುವರ್ಧನ ಮೆಚ್ಚಿ ‘ಬೇಡು’ ಎಂದಾಗ ಅವನ ದಂಡನಾಯಕ ಗಂಗರಾಜ ಪರಮ ಎಂಬ ಗ್ರಾಮವನ್ನು ಬೇಡಿ ಪಡೆದ. ತನ್ನ ತಾಯಿ ಪೋಚಿಕಬ್ಬೆ ಮತ್ತು ಹೆಂಡತಿ ಲಕ್ಷ್ಮಿ ಕಟ್ಟಿಸಿದ ಬಸದಿಗಳಿಗೆ ಅದನ್ನು ಬಿಟ್ಟ. ಅದು ಖಡ್ಗದ ಸೇವೆಗೆ ಸಿಕ್ಕ ಭೂಮಿ.

ಆದರೆ ಅದೇ ಶ್ರವಣಬೆಳಗೊಳದಲ್ಲಿ ಇನ್ನೊಂದು ಬಗೆಯ ಶಾಸನಗಳೂ ಇವೆ. ಬೆಳ್ಗೊಳದ ವರ್ತಕರು ಜಮೀನನ್ನು ಮಾಱುಗೊಂಡು, ಗೊಮ್ಮಟದೇವರಿಗೆ ಹೂ ಒದಗಿಸಲೆಂದು ಬಿಟ್ಟದ್ದು ಅಂಥ ಒಂದು. ಕೆಲವೇ ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ನಿತ್ಯಾಭಿಷೇಕಕ್ಕೆ ಹಾಲು ಸಲ್ಲಬೇಕೆಂದು ಗೊತ್ತು ಮಾಡಿದ್ದು ಇನ್ನೊಂದು ಬಗೆ. ಇವರಿಗೆ ಯಾವ ರಾಜನೂ ‘ಬೇಡು’ ಅನ್ನಲಿಲ್ಲ. ಹಾಗ, ವೀಸಗಳ ಲೆಕ್ಕದಲ್ಲಿ ಬದುಕಿದವರು ಇವರು. ಹಾಗ ಅಂದರೆ ಪಣದ ಕಾಲು ಭಾಗ, ವೀಸ ಅಂದರೆ ಹದಿನಾರನೇ ಒಂದು ಭಾಗ. ಮೊದಲು ದುಡಿದರು, ಆಮೇಲೆ ಕೊಂಡರು, ಆಮೇಲೆ ಕೊಟ್ಟರು.

ಶಾಸನದ ಸಾರಾಂಶ ಬರೆಯುವಾಗ ನಾವು ಅದನ್ನು ‘ಇಂಥ ರಾಜನ ಕಾಲದಲ್ಲಿ ಭೂದಾನ’ ಎಂದು ಒಂದೇ ಸಾಲಿಗೆ ಇಳಿಸಿದರೆ, ಉಳಿಯುವುದು ಆಗ ಆಳುತ್ತಿದ್ದ ರಾಜನ ಹೆಸರು. ದುಡ್ಡು ಕೊಟ್ಟವನು ಹೋಗುತ್ತಾನೆ. ಬೆಲೆಗೆ ಮಾರಿದ ರೈತನೂ ಹೋಗುತ್ತಾನೆ. ಅವರಿಬ್ಬರೂ ಅಲ್ಲಿದ್ದರು ಎಂಬುದಕ್ಕೆ ಇಡೀ ಕಲ್ಲಿನಲ್ಲಿ ಇರುವ ಸಾಕ್ಷಿ ಕೆಲವೊಮ್ಮೆ ಒಂದೇ ಪದ: ಮಾಱುಗೊಂಡು.

ಇದೇ ಬೆಳಗೊಳದ 1634ರ ಶಾಸನ ಕೊಳ್ಳು-ಕೊಡುಗಳ ಲೆಕ್ಕಕ್ಕೆ ಒಳ್ಳೆಯ ಮುಕ್ತಾಯ. ದೇವಸ್ಥಾನದ ಸ್ಥಾನಿಕರು ದೇವರ ಭೂಮಿಯನ್ನು ವರ್ತಕರಲ್ಲಿ ಅಡವಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ನಿಮ್ಮ ಸಾಲ ನಾವು ತೀರಿಸುತ್ತೇವೆ ಅಂದರು. ಹಣ ಬೇಡ, ತಂದೆತಾಯಿಗಳಿಗೆ ಪುಣ್ಯವಾಗಲಿ ಎಂದು ಅವರು ಅಡವನ್ನು ಬಿಟ್ಟುಕೊಡಲು ಒಪ್ಪಿದರು. ಗೊಮ್ಮಟಸ್ವಾಮಿ ಮತ್ತು ಗುರುಗಳ ಸನ್ನಿಧಿಯಲ್ಲಿ ಧಾರೆ ಎರೆಸಿ ಆ ಬಿಡುಗಡೆಯನ್ನು ದಾನವಾಗಿ ಮಾಡಿಸಲಾಯಿತು. ಮುಂದೆ ಈ ಭೂಮಿಯನ್ನು ಅಡವಿಡುವವನಿಗೂ, ಅಡವು ಹಿಡಿದು ಸಾಲ ಕೊಡುವವನಿಗೂ ಬಹಿಷ್ಕಾರ ಎಂದು ಬರೆಸಿದರು. ಇಲ್ಲಿ ದಾನವಾದದ್ದು ಭೂಮಿಯಲ್ಲ, ವಸೂಲಿಯ ಹಕ್ಕು. ಕೊಟ್ಟವರು ರಾಜರಲ್ಲ, ಸಾಲ ಕೊಟ್ಟಿದ್ದ ವರ್ತಕರು. ‘ಚಾಮರಾಜ ಒಡೆಯರ ದಾನಶಾಸನ’ ಎಂದು ಫಲಕ ಹಾಕಿಬಿಟ್ಟರೆ ಅವರ ತ್ಯಾಗ ಲೆಕ್ಕದಿಂದಲೇ ಜಾರಿಹೋಗುತ್ತದೆ. ಒಡೆಯರದ್ದು ಸಣ್ಣ ಪಾತ್ರ ಅಂತ ನಾನು ಹೇಳುತ್ತಿಲ್ಲ, ಎರಡೂ ಪಾತ್ರಗಳು ಬೇರೆಬೇರೆ ಅನ್ನುತ್ತಿದ್ದೇನೆ ಅಷ್ಟೇ.

ಮುಂದಿನ ಸಲ ನಿಮ್ಮೂರ ದೇವಸ್ಥಾನದ ಮುಂದಿನ ಕಲ್ಲಿನಲ್ಲಿ ‘ಕೊಂಡು’ ಕಂಡರೆ ನಾಲ್ಕು ವಿಷಯ ನೋಡಿ. ಒಂದು, ಅದರ ಹಿಂದೆ ಏನಿದೆ, ತುಱುವೋ ಮಾಱೋ? ಎರಡು, ಅದು ಇನ್ನೊಂದು ಕ್ರಿಯಾಪದಕ್ಕೆ ಅಂಟಿದ ‘ಕೊಂಡು’ವೇ? ಬೇಡಿಕೊಂಡು, ಮಾಡಿಕೊಂಡು ಎಂಬಲ್ಲಿ ಅದಕ್ಕೆ ‘ತನಗಾಗಿ’ ಎಂಬುದಷ್ಟೇ ಅರ್ಥ. ಮೂರು, ಹೊನ್ನು, ಗದ್ಯಾಣ, ಪಣ, ವರಹದ ಸುಳಿವು ಇದೆಯೇ? ನಾಲ್ಕು, ಅದು ನಿಜಕ್ಕೂ ‘ಕೊಂಡು’ವೋ, ‘ಕೊಂದು’ವೋ?

ಈಗಿನ ಬರಹದ ಕನ್ನಡ ಖರೀದಿಗೆ ‘ಕೊಂಡುಕೊಳ್ಳು’ ಅನ್ನುತ್ತದೆ, ಅಂದರೆ ಒಂದೇ ಕೊಳ್ ಧಾತು ಎರಡು ಸಲ. ಮಾತಿನಲ್ಲಿ ಅದೂ ಹೋಗಿ ‘ತಗೊಂಡೆ’ ಉಳಿದಿದೆ. ಖರೀದಿಯ ಅರ್ಥ ಕಳಚಿ, ಹಳೆಯ ‘ತೆಗೆದುಕೊ’ ಮತ್ತೆ ಮುಂದೆ ಬಂದಿದೆ. ಮಾಱು ಮಾತ್ರ ಕೊಳ್ಳುವವನ ಕೈಬಿಟ್ಟು ಮಾರುವವನ ಪಾಲಾಯಿತು. ಕೊಳ್ಳೆಗೂ ಕೊಳ್ಳುವಿಕೆಗೂ ನಡುವೆ ಗೆರೆ ಎಳೆದಿದ್ದ ಆ ಎರಡಕ್ಷರ ಈಗ ಕೊಳ್ಳುವವನ ಪಕ್ಕದಲ್ಲಿ ನಿಂತಿರುವುದು ಹಳೆಯ ಕಲ್ಲುಗಳ ಮೇಲೆ ಮಾತ್ರ. ಓದುವಾಗ ಅದನ್ನು ದಾಟಿ ಹೋಗಬೇಡಿ.